ಅವನ ಪಾಲಿನ ವಾಕ್ಯ

ಕೊನೆಯ ಸೈಕಲ್ಲನ್ನೂ ಹೊರಗೆ ತಳ್ಳಿ ಗೋಡೆಗೆ ಒರಗಿಸುವಾಗ, ತಾನು ಯಾಕೆ ಇದನ್ನೆಲ್ಲ ಮಾಡುತ್ತಿದ್ದೇನೆ ಎಂಬುದೇ ಸೈಕಲ್ಲಣ್ಣನಿಗೆ ಒಂದು ಗಳಿಗೆ ಮರೆತುಹೋಯಿತು. ಒಳಗೆ ಜನ ಕೂರಲು ಜಾಗ ಬೇಕಿತ್ತು, ಅದಕ್ಕೆ. ಹೆಂಡತಿ ತೀರಿಕೊಂಡಿದ್ದಳು, ಅದಕ್ಕೇ ಜನ ಬಂದಿದ್ದರು. ಹೀಗೆ ಒಂದೊಂದನ್ನೇ ನೆನಪಿಸಿಕೊಂಡು ಒಳಗೆ ಬಂದರೆ, ರಿಪೇರಿ ಅಂಗಡಿಯೂ ಹೌದು ನಡುಮನೆಯೂ ಹೌದು ಎನ್ನುವಂಥ ಆ ಕೋಣೆ ಬೇರೆ ಯಾರದೋ ಮನೆಯಂತೆ ಕಂಡಿತು. ಕಿಟಕಿಯ ಬಿಸಿಲು ಮಂಚದ ಮೇಲೆ ಹರಡಿತ್ತು. ಅವಳು ಬಿಸಿಲಿನಲ್ಲಿ ಮಲಗಿದ್ದಳು. ಭುಜ ತಟ್ಟಿದರೆ ಎದ್ದು ಕೂತು, ಇಷ್ಟು ಹೊತ್ತು ಮಲಗೋಕೆ ಬಿಟ್ರಲ್ಲ ಎಂದು ಗದರುತ್ತಾಳೇನೋ ಅನ್ನಿಸುತ್ತಿತ್ತು.

ಕೂತವರ ಮಾತು ಮೆಲ್ಲಗೆ ಅವಳ ಇಂಗ್ಲಿಷಿನ ಕಡೆಗೆ ಹೊರಳಿತ್ತು. ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕಿದ್ದ ಅವಳಿಗೆ ಅದೊಂದು ಹುಚ್ಚು. ದಿನಕ್ಕೊಂದು ಪದ ಕಲಿಯಬೇಕು, ಅದರ ಅರ್ಥವನ್ನು ತನ್ನ ಮಾತಿನಲ್ಲೇ ಹೇಳಬೇಕು, ಆಮೇಲೆ ಆ ಪದವಿಟ್ಟು ಒಂದು ವಾಕ್ಯ ಕಟ್ಟಬೇಕು. ವಾಕ್ಯ ತನಗೆ ಗೊತ್ತಿರುವ ಮನುಷ್ಯರ ಮೇಲೆಯೇ ಇರಬೇಕು, ನಿಜವೂ ಆಗಿರಬೇಕು. ಪುಸ್ತಕದ ರಾಜ, ನರಿ, ಸೇಬುಹಣ್ಣು ಇವೆಲ್ಲ ಅವಳಿಗೆ ಬೇಡ. ಹೀಗಾಗಿ ಆ ಬೀದಿಯಲ್ಲಿ ಅವಳ ಬಾಯಿಗೆ ಸಿಗದೆ ತಪ್ಪಿಸಿಕೊಂಡವರೇ ಇರಲಿಲ್ಲ.

ಅಳಿಯ ತನ್ನ ಪಾಲಿಗೆ ಬಂದದ್ದು ಪಂಕ್ಚುಯಲ್ ಎಂದ. ಸರಿಯಾದ ಹೊತ್ತಿಗೆ ಬರುವವನು ಎಂಬ ಅರ್ಥ ಕೇಳಿ ಮೊದಲು ಉಬ್ಬಿಹೋಗಿದ್ದನಂತೆ. ಪೂರ್ತಿ ವಾಕ್ಯ ಕೇಳಿದರೆ, ನಮ್ಮ ಅಳಿಯ ಊಟದ ಹೊತ್ತಿಗೆ ಪಂಕ್ಚುಯಲ್ ಎಂದಿತ್ತು. ಪಕ್ಕದ ಮನೆಯಾಕೆ ಕ್ಯೂರಿಯಸ್. ನಮ್ಮ ಮನೆ ಸುದ್ದಿ ನಮಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ ಎಂದು ಮುಖದ ಮೇಲೆಯೇ ಹೇಳಿದ್ದಳಂತೆ. ಅದನ್ನು ಹೇಳುತ್ತ ಆಕೆ ನಕ್ಕಳು, ನಗುತ್ತಲೇ ಬಿಕ್ಕಿದಳು. ಟಾಕೆಟಿವ್ ಎನಿಸಿಕೊಂಡಿದ್ದ ಮಗಳು ಮಾತ್ರ ಬೆಳಗಿನಿಂದ ತುಟಿ ಬಿಚ್ಚಿರಲಿಲ್ಲ. ಈಗ ತಂದೆಯ ಕಡೆ ತಿರುಗಿದಳು.

"ಅಪ್ಪಾ, ಅಮ್ಮ ನಿಮ್ಮ ಮೇಲೆ ಯಾವುದು ಹೇಳಿದ್ಲು?"

ಕುಡಿಯೋಕೆ ನೀರು ಕೊಡು ಎಂದು ಅವನು ಮಾತು ತೇಲಿಸಿದ. ಎಂದೋ ಕೇಳಿ ಸಿಟ್ಟಾಗಿದ್ದ ಒಂದನ್ನು ಬಿಟ್ಟರೆ, ಅಷ್ಟೊಂದು ಪದಗಳಲ್ಲಿ ಇನ್ನೊಂದಾದರೂ ತನ್ನ ಪಾಲಿಗೆ ಇತ್ತೇ ಎಂಬುದು ಅವನಿಗೆ ಗೊತ್ತಿರಲಿಲ್ಲ. ಇನ್ನು ಕೇಳೋಣವೆಂದರೆ ಹೇಳುವವಳು ಮಂಚದ ಮೇಲೆ ಮಲಗಿದ್ದಳು. ಪಕ್ಕದ ಮನೆಯಾಕೆಯ ಮೇಲೆ ಹೊಟ್ಟೆಕಿಚ್ಚಾಯಿತು. ಇಂಥ ದಿನವೂ ಹೊಟ್ಟೆಕಿಚ್ಚೇ ಎಂದು ನಾಚಿಕೆಯೂ ಆಯಿತು.

*

ಅವಳು ಕಲಿಯಲು ಶುರುಮಾಡಿದ ಹೊಸತು. ಅಂಗಡಿಯಲ್ಲಿ ಗಿರಾಕಿಗಳು ಕೂತಿದ್ದರು. ಒದ್ದೆ ಕೈ ಒರೆಸಿಕೊಳ್ಳುತ್ತ ಬಂದವಳು, ಒಂದು ವಾಕ್ಯ ಕಟ್ಟಿದ್ದೀನಿ ಕೇಳಿ ಎಂದಳು. ಅಫ್ರೇಡ್ ಎಂಬ ಪದ. ನನ್ನ ಗಂಡನಿಗೆ ಗುಡುಗು ಅಂದ್ರೆ ಭಯ ಎಂಬ ವಾಕ್ಯ. ಗಿರಾಕಿಗಳು ಬಿದ್ದು ಬಿದ್ದು ನಕ್ಕರು. ಅವನಿಗೆ ಮೈ ಉರಿದುಹೋಯಿತು.

"ನಿನ್ನ ಇಂಗ್ಲಿಷಿಗೆ ನನ್ನನ್ನ ಎಳೀಬೇಡ," ಎಂದ. "ಈ ಮನೇಲಿ ಇನ್ನೊಂದು ಸಲ ನನ್ನ ಸುದ್ದಿ ಎತ್ತಬಾರ್ದು."

ಅವಳು ಆಯ್ತು ಎಂದಳು. ಜಗಳಕ್ಕೆ ನಿಲ್ಲಲಿಲ್ಲ, ಮುಖ ಊದಿಸಿಕೊಳ್ಳಲೂ ಇಲ್ಲ. ಆಡಿದ ಮಾತಿಗೆ ಎಂದೂ ತಪ್ಪಲಿಲ್ಲ. ಸಂಜೆ ಹೊತ್ತು ಅವಳು ಅಡುಗೆ ಮಾಡುತ್ತ ಹೊಸ ಪದವನ್ನು ಗುನುಗುವಾಗ, ಇವನು ಸುಮ್ಮನೆ ಚಕ್ರ ತಿರುಗಿಸುತ್ತ ಕಿವಿಯೆಲ್ಲ ಅತ್ತಲೇ ಇಟ್ಟು ಕೂತಿರುತ್ತಿದ್ದ. ನನ್ನ ಮೇಲೂ ಒಂದು ಹೇಳು ಎನ್ನಲು ಬಿಗುಮಾನ ಬಿಡಲಿಲ್ಲ. ಚಕ್ರ ತಿರುಗಿತು, ವರ್ಷಗಳೂ ಹಾಗೇ ಉರುಳಿದವು.

*

ಮಧ್ಯಾಹ್ನದ ಹೊತ್ತಿಗೆ ಲಾಂಡ್ರಿಯ ಹೆಂಗಸರು ಬಂದರು. ಅವರು ಒಳಗೆ ಕಾಲಿಟ್ಟದ್ದೇ ಸೋಪಿನ, ಬಿಸಿ ಬಟ್ಟೆಯ ವಾಸನೆ ಕೋಣೆಯನ್ನು ತುಂಬಿತು. ಕಣ್ಣು ಮುಚ್ಚಿದರೆ ಅವಳೇ ಕೆಲಸ ಮುಗಿಸಿ ಬಂದಹಾಗಿತ್ತು. ಅವರಲ್ಲಿ ಯಾರನ್ನೂ ಅವನು ಕಂಡವನಲ್ಲ. ಆದರೆ ಅವರು ಅವನನ್ನು ಎಷ್ಟೋ ದಿನದಿಂದ ಬಲ್ಲವರಂತೆ ನೋಡಿದರು. ಒಬ್ಬಳು ಇನ್ನೊಬ್ಬಳಿಗೆ, ಇವರೇ ಎಂದು ಪಿಸುಗುಟ್ಟಿದಳು.

ಪೆಟ್ಟಿಗೆ ಬಂತು. ಅವಳನ್ನು ಅದರಲ್ಲಿ ಮಲಗಿಸುವ ಮೊದಲು, ಮೇಲೆ ಹೊದಿಸಿದ್ದ ಆಸ್ಪತ್ರೆಯ ದೊಡ್ಡ ಬಿಳಿ ಚಾದರವನ್ನು ತೆಗೆದರು. ಲಾಂಡ್ರಿಯಲ್ಲಿ ಅವಳ ಎದುರು ನಿಂತು ದಿನವೂ ಚಾದರ ಮಡಚುತ್ತಿದ್ದ ಹೆಂಗಸು ಅಭ್ಯಾಸಬಲದಿಂದ ಎರಡು ಮೂಲೆ ಹಿಡಿದೆತ್ತಿದಳು. ಆ ತುದಿಯಲ್ಲಿ ಯಾರೂ ಇರಲಿಲ್ಲ. ಅವಳು ಹಾಗೇ ನಿಂತುಬಿಟ್ಟಳು. ನೋಡಲಾರದೆ ಸೈಕಲ್ಲಣ್ಣ ಹೋಗಿ ಉಳಿದೆರಡು ಮೂಲೆ ಹಿಡಿದುಕೊಂಡ.

"ಬಿಗಿಯಾಗಿ ಎಳೀರಿ ಅಣ್ಣಾ," ಎಂದಳು ಅವಳು. "ಮೊದಲನೇ ಮಡಿಕೆಗೆ ಪದ, ಎರಡನೇದಕ್ಕೆ ಅರ್ಥ, ಮೂರನೇದಕ್ಕೆ ವಾಕ್ಯ. ಅಕ್ಕ ನಮಗೆ ಕಲಿಸಿದ್ದೇ ಹೀಗೆ."

"ಯಾರ ಮೇಲೆ ವಾಕ್ಯ?"

"ಇನ್ಯಾರ ಮೇಲೆ, ನಿಮ್ಮ ಮೇಲೇ. ಮನೇಲಿ ಹೇಳೋಹಾಗಿಲ್ಲ ಅಂತ ಎಲ್ಲಾನೂ ಅಲ್ಲಿ ತಂದು ಹೇಳೋರು. ನಮಗೆ ನಾಲ್ಕು ಮಾತು ಇಂಗ್ಲಿಷ್ ಬಂದಿದ್ದೇ ನಿಮ್ಮಿಂದ."

ಹಿಂದಿದ್ದವರು ಹೂಂಗುಟ್ಟಿದರು. ಅವನು ಕದ್ದು ಸಕ್ಕರೆ ತಿನ್ನುವುದು, ಮುಖ ಕ್ಷೌರ ಮಾಡಿಕೊಳ್ಳುವಾಗ ಹಾಡುವುದು, ಮಗಳ ಮದುವೆಯಾದ ದಿನ ಯಾರಿಗೂ ಕಾಣದಂತೆ ಪಂಕ್ಚರ್ ಹಾಕುತ್ತ ಅತ್ತದ್ದು, ಒಂದೊಂದಕ್ಕೂ ಒಂದೊಂದು ಪದ ಅವರ ಬಾಯಲ್ಲಿತ್ತು. ಕೇಳುತ್ತ ಕೇಳುತ್ತ ಅವನು ಚಾದರದ ಮೂಲೆಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

"ಮೊನ್ನೆ ಹೇಳಿದ್ದು ಇದು," ಎಂದು ಅವಳು ಮೊದಲ ಮಡಿಕೆ ಹಾಕಿದಳು. "ಲಿಂಗರ್."

ಎರಡನೆಯ ಮಡಿಕೆಗೆ ಒಂದು ಹೆಜ್ಜೆ ಹತ್ತಿರ ಬಂದಳು. "ಕೆಲಸ ಮುಗಿದ್ರೂ ಹೋಗೋಕೆ ಮನಸ್ಸು ಬರದೆ ಸುಮ್ಮನೆ ಅಲ್ಲೇ ನಿಂತಿರೋದು."

ಮೂರನೆಯದಕ್ಕೆ ಅವಳ ಕೈ ಅವನ ಕೈಯನ್ನು ಮುಟ್ಟಿತು. ವಾಕ್ಯವನ್ನು ಇಂಗ್ಲಿಷಿನಲ್ಲಿ ಹೇಳಿದಳು; ಅವನಿಗೆ ಅರ್ಥವಾಗಲಿಲ್ಲವೆಂದು ತಿಳಿದು ಮತ್ತೆ ಕನ್ನಡದಲ್ಲಿ ಹೇಳಿದಳು.

"ನನ್ನ ಗಂಡ ದಿನಾ ಬೆಳಿಗ್ಗೆ ಮನೆ ಗೇಟಿನ ಹತ್ರಾನೇ ನಿಂತಿರ್ತಾರೆ, ನಾನು ಕೆಲಸಕ್ಕೆ ಹೊರಟು ತಿರುವು ದಾಟೋವರೆಗೂ. ಗಾಳಿ ತುಂಬಿರೋ ಚಕ್ರಕ್ಕೇ ಮತ್ತೆ ಪಂಪ್ ಹೊಡೀತಾ. ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದಾರೆ."

ಹೆಂಡತಿ ಒಂದು ದಿನವಾದರೂ ತಿರುಗಿ ನೋಡಿದವಳಲ್ಲ.

ಪೆಟ್ಟಿಗೆಯನ್ನು ಹೊತ್ತು ಗಾಡಿಗೇರಿಸಿದರು. ಲಾಂಡ್ರಿಯ ಹೆಂಗಸರು ಚಾದರ ತೆಗೆದುಕೊಂಡು ಹಿಂದಿನ ಗಾಡಿ ಹತ್ತಿದರು. ಮಗಳು ಕಿಟಕಿಯಿಂದ, ಬನ್ನಿ ಅಪ್ಪಾ ಎಂದು ಕರೆದಳು. ಸೈಕಲ್ಲಣ್ಣ ಬಂದು ಗೇಟಿನ ಹತ್ತಿರ ನಿಂತ. ಕೈಯಲ್ಲಿ ಪಂಪಿರಲಿಲ್ಲ, ಮುಂದೆ ಚಕ್ರವಿರಲಿಲ್ಲ, ಯಾವ ನೆಪವೂ ಇರಲಿಲ್ಲ. ಬೀದಿಯವರೆಲ್ಲ ನೋಡುತ್ತಿದ್ದರು. ಅವನು ನಿಂತೇ ಇದ್ದ. ಡ್ರೈವರ್ ಒಮ್ಮೆ ಅವನ ಮುಖ ನೋಡಿ, ಶುರುಮಾಡಿದ್ದ ಎಂಜಿನ್ನನ್ನು ಮತ್ತೆ ಆರಿಸಿದ.