ಖಾಲಿ ಹೊಟ್ಟೆಯ ಮಾತ್ರೆ

ಊರಿನವರು ಅವರನ್ನು ಹುಳದ ಡಾಕ್ಟರಮ್ಮ ಎಂದೇ ಕರೆಯುತ್ತಿದ್ದರು. ಮಿದುಳಿಗೆ ಹುಳ ಹೊಕ್ಕವರನ್ನು ನೋಡುತ್ತಾ ಇಪ್ಪತ್ತೆರಡು ವರ್ಷ ಕಳೆದಿದ್ದ ಅವರಿಗೆ ಆ ಹೆಸರಿನ ಬಗ್ಗೆ ಬೇಸರವೇನೂ ಇರಲಿಲ್ಲ.

ಆ ಬೆಳಿಗ್ಗೆ ಬಂದವಳು ಬಟ್ಟೆ ಕಾರ್ಖಾನೆಯ ಕಟಿಂಗ್ ಮಾಸ್ಟರ್. ಐವತ್ತು ಪದರ ಬಟ್ಟೆಯನ್ನು ಒಂದೇ ಸಲಕ್ಕೆ, ಗೆರೆ ತಪ್ಪದೆ ಕತ್ತರಿಸುತ್ತಿದ್ದ ಗಟ್ಟಿಗಿತ್ತಿ. ವರ್ಷದ ಹಿಂದೆ ಬಲಗೈ ತನ್ನಷ್ಟಕ್ಕೆ ತಾನೇ ಅದುರಿ, ಫಿಟ್ಸ್ ಬಂದು ಬಿದ್ದಿದ್ದಳು. ಲಾಡಿಹುಳುವಿನ ಮರಿಗಳು ಮಿದುಳಲ್ಲಿ ಒಂಬತ್ತು ಗುಳ್ಳೆ ಕಟ್ಟಿಕೊಂಡು ಕೂತಿದ್ದವು. ಬೇರೆ ಕಡೆ ಎರಡು ಸಲ ಔಷಧ ಕೊಟ್ಟರೂ ಒಂದೂ ಜಗ್ಗಿರಲಿಲ್ಲ.

"ಈ ಹುಳ ಔಷಧಕ್ಕೆ ಬಗ್ಗೋ ಜಾತೀದಲ್ಲವಂತೆ," ಎಂದಳು ಜೊತೆಗೆ ಬಂದಿದ್ದ ಅಕ್ಕ. ತಂಗಿಯ ಕಾಗದಪತ್ರವೆಲ್ಲ ಅವಳ ಚೀಲದಲ್ಲೇ ಇತ್ತು.

"ಅಂತೆಕಂತೆ ಆಮೇಲೆ. ಮಾತ್ರೆ ಹೇಗೆ ಕೊಟ್ರಿ, ಅದನ್ನು ಹೇಳಿ."

ಅಕ್ಕ ನೆಟ್ಟಗೆ ಕೂತಳು. "ಒಂದು ಹೊತ್ತೂ ತಪ್ಪಿಸಿಲ್ಲ ಡಾಕ್ಟ್ರೇ. ಎದ್ದ ಕೂಡಲೇ, ಖಾಲಿ ಹೊಟ್ಟೇಲಿ. ಎಣ್ಣೆ, ಬೆಣ್ಣೆ ಮುಟ್ಟೋಕೇ ಬಿಟ್ಟಿಲ್ಲ. ಹುಳಕ್ಕೆ ಊಟ ಸಿಗದಿದ್ರೆ ಬೇಗ ಸಾಯುತ್ತೆ ಅಂತ."

"ಹುಳ ಗುಂಡುಕಲ್ಲಿನ ಹಾಗಿದೆ. ಸೊರಗಿದ್ದು ನಾನು," ಎಂದಳು ತಂಗಿ.

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ಆದರೆ ಕಣ್ಣು ಮಾತ್ರ ಚೀಟಿಯ ಮೇಲೇ ಇತ್ತು. ಫಿಟ್ಸಿಗೆಂದು ಕೊಟ್ಟಿದ್ದ ಮಾತ್ರೆಯ ಹೆಸರು ನೋಡಿದ್ದೇ ಅವರಿಗೆ ವಿಷಯ ಹೊಳೆಯಿತು.

"ನೋಡಿ, ಹುಳದ ಮಾತ್ರೆ ಜಿಡ್ಡಿನ ಊಟದ ಜೊತೆ ಹೋದರೇನೇ ಸರಿಯಾಗಿ ಮೈಗೆ ಹತ್ತೋದು. ಖಾಲಿ ಹೊಟ್ಟೇಲಿ ಕಾಲುಭಾಗ ಹತ್ತಿದರೆ ಹೆಚ್ಚು. ಆ ಹತ್ತಿದ್ದನ್ನೂ ಈ ಫಿಟ್ಸ್ ಮಾತ್ರೆ ಬೇಗ ಬೇಗ ಹೊರಗೆ ಹಾಕಿಬಿಟ್ಟಿದೆ. ಹುಳ ಬಗ್ಗಿಲ್ಲ ಅಂತಲ್ಲ. ಔಷಧ ಅದರ ಹತ್ತಿರ ಹೋಗೇ ಇಲ್ಲ."

ಅಕ್ಕನ ಮುಖ ಬಾಡಿತು. "ಹಾಗಾದ್ರೆ ನಾನೇ..."

"ನೀವಲ್ಲಮ್ಮ. ಹೇಗೆ ತಗೋಬೇಕು ಅಂತ ಬಿಡಿಸಿ ಹೇಳಬೇಕಾದವರು ನಮ್ಮಂಥ ಡಾಕ್ಟರುಗಳು."

ಅಂದೇ ತಂಗಿಯನ್ನು ದಾಖಲು ಮಾಡಿಕೊಂಡರು. ಕಣ್ಣೊಳಗೂ ಗುಳ್ಳೆ ಇದೆಯೇ ಎಂದು ಮೊದಲು ಪರೀಕ್ಷಿಸಿದರು, ಇರಲಿಲ್ಲ. ಫಿಟ್ಸ್ ಮಾತ್ರೆ ಬದಲಾಯಿತು. ಬಾವು ಬರದಂತೆ ಔಷಧ ಶುರು ಮಾಡಿ, ಆಮೇಲೆ ಹುಳದ ಮೇಲೆ ಒಂದಲ್ಲ, ಎರಡು ಬಗೆಯ ಮಾತ್ರೆಗಳನ್ನು ಒಟ್ಟಿಗೇ ಬಿಟ್ಟರು, ಹೊಟ್ಟೆ ತುಂಬ ಬೆಣ್ಣೆ ಹಾಕಿದ ಊಟದ ಜೊತೆ. ಹುಳದ ಮೊಟ್ಟೆ ಮನೆಯಲ್ಲೇ ಯಾರಿಂದಲಾದರೂ ಬಂದಿರಬಹುದೆಂದು ಎಲ್ಲರ ಮಲಪರೀಕ್ಷೆಗೂ ಬರೆದುಕೊಟ್ಟರು.

ನಾಲ್ಕನೆಯ ದಿನ ಮಧ್ಯಾಹ್ನ ತಂಗಿ ತಲೆ ಹಿಡಿದುಕೊಂಡು ವಾಂತಿ ಮಾಡತೊಡಗಿದಳು. ಅಕ್ಕ ವಾರ್ಡಿನಿಂದ ಓಡೋಡಿ ಬಂದಳು. "ಸಾಕು ಡಾಕ್ಟ್ರೇ, ನಿಲ್ಲಿಸಿಬಿಡಿ! ಹುಳ ಇದ್ರೂ ಇರಲಿ, ನನ್ನ ತಂಗಿ ಇದ್ರೆ ಸಾಕು!"

ಡಾಕ್ಟರಮ್ಮ ಕೂಡಲೇ ಸ್ಕ್ಯಾನ್ ಮಾಡಿಸಿ, ಅಕ್ಕನನ್ನು ಪರದೆಯ ಮುಂದೆ ನಿಲ್ಲಿಸಿಕೊಂಡರು. ಗುಳ್ಳೆಗಳ ಸುತ್ತ ಬೆಳ್ಳಗೆ ಉಂಗುರ ಕಟ್ಟಿತ್ತು.

"ವರ್ಷದಿಂದ ಹಾಯಾಗಿ ಮಲಗಿದ್ದ ಹುಳ ಈಗ ಸಾಯ್ತಾ ಇದೆ. ಸಾಯೋವಾಗ ಸುತ್ತಲೂ ಬಾವು ಬರುತ್ತೆ, ಅದೇ ಈ ತಲೆನೋವು. ಬಾವಿನ ಔಷಧ ಹೆಚ್ಚು ಮಾಡ್ತೀನಿ. ಹುಳದ್ದನ್ನು ಮಾತ್ರ ನಿಲ್ಲಿಸಲ್ಲ."

"ನಿಮಗೆ ಧೈರ್ಯ ಇದೆಯಾ?"

"ಇದೆ. ಕೈ ಮೀರೋ ಹಾಗಿದ್ರೆ ನಾನೇ ಮೊದಲು ನಿಲ್ಲಿಸ್ತಿದ್ದೆ."

ಆ ದಿನವಿಡೀ ಗಂಟೆಗೊಮ್ಮೆ ಬಂದು ತಂಗಿಯ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಬಲ ಎಷ್ಟಿದೆಯೆಂದು ತಿಳಿಯಲು ತಮ್ಮ ಕೈಯನ್ನು ಅವಳಿಂದ ಒತ್ತಿಸಿಕೊಂಡರು. ಮಾರನೆಯ ದಿನ ನೋವು ಇಳಿಯಿತು. ಅದರ ಮರುದಿನ ತಂಗಿ ಎದ್ದು ಕೂತು, ನರ್ಸಿನ ಅಂಗಿಯ ಹೊಲಿಗೆ ಸೊಟ್ಟಗಿದೆ ಎಂದು ತಕರಾರು ತೆಗೆದಳು.

ಆರು ತಿಂಗಳ ಮೇಲೆ ತೆಗೆದ ಸ್ಕ್ಯಾನಿನಲ್ಲಿ ಎಂಟು ಗುಳ್ಳೆಗಳು ಹೇಳಹೆಸರಿಲ್ಲದೆ ಹೋಗಿದ್ದವು. ಒಂಬತ್ತನೆಯದು ಗಟ್ಟಿಯಾಗಿ ಸಾಸಿವೆ ಕಾಳಿನಷ್ಟು ಉಳಿದಿತ್ತು.

"ಇದು?" ಎಂದು ಕೇಳಿದಳು ತಂಗಿ.

"ಸತ್ತಿದ್ದರ ಗುರುತು ಅಷ್ಟೇ. ಆದರೆ ಅದರಿಂದಲೂ ಫಿಟ್ಸ್ ಬರಬಹುದು, ಮಾತ್ರೆ ಬಿಡೋ ಹಾಗಿಲ್ಲ. ಕಾರ್ಖಾನೆಗೆ ಹೋಗಿ, ಚಾಕ್ ಹಿಡಿದು ಗೆರೆ ಹಾಕಿ. ಬಟ್ಟೆ ಕತ್ತರಿಸೋ ಮೆಷಿನ್ ಸದ್ಯಕ್ಕೆ ಬೇಡ."

"ಸೋಮವಾರದಿಂದಲೇ ಹೋಗ್ತೀನಿ," ಎಂದಳು ತಂಗಿ.

"ಬುಧವಾರದಿಂದ," ಎಂದಳು ಅಕ್ಕ.

ಇಬ್ಬರೂ ಜಗಳವಾಡುತ್ತಲೇ ಮೆಟ್ಟಿಲಿಳಿದರು.