ಒಳಕ್ಕೆ ಎಳೆದ ಚೆಂಡು

ಆ ಬೆಳಿಗ್ಗೆ ಬೇಸ್‌ಬಾಲ್ ಮೈದಾನದ ಬೇಲಿಯೂ ಕಾಣದಷ್ಟು ಮಂಜು ಕವಿದಿತ್ತು. ಅದು ಕರಗಿ ಬಿಸಿಲೇರಿದ ಮೇಲೆಯೇ ಆಟ ನಡೆದದ್ದು. ಹಾಗಾಗಿ ನಡೆದುಹೋದದ್ದಕ್ಕೆ ಮಂಜನ್ನು ದೂರುವ ಹಾಗೂ ಇರಲಿಲ್ಲ.

ಈಗ ಕ್ಲಬ್ಬಿನ ಕೋಣೆಯಲ್ಲಿ ಚರ್ಚೆ. ಅಂಪೈರನ ಬದಲು ಕ್ಯಾಮರಾ ಯಂತ್ರವೇ ತೀರ್ಪು ಕೊಡಲಿ ಎಂಬ ಹೊಸ ನಿಯಮವನ್ನು ಒಂದು ವರ್ಷ ಪ್ರಯೋಗ ಮಾಡಬೇಕೋ ಬೇಡವೋ? ಬ್ಯಾಟು ಹಿಡಿದವನು ಬೀಸದೆ ಬಿಟ್ಟ ಚೆಂಡು ನೆಲದ ಬಿಳಿ ಹಲಗೆಯ ನೇರಕ್ಕೆ ಬಂದರೆ ಸ್ಟ್ರೈಕ್, ಹೊರಗೆ ಹೋದರೆ ಬಾಲ್. ಮೂರು ಸ್ಟ್ರೈಕಾದರೆ ಅವನು ಔಟ್. ಇದನ್ನು ಹೇಳುವ ಅಂಪೈರು, ಗೆದ್ದ ತಂಡದಲ್ಲಿ ಆಡುವ ಟೈಲರನ ಅಕ್ಕನ ಗಂಡ. ಇವತ್ತು ಯಂತ್ರವನ್ನೂ ಪಕ್ಕದಲ್ಲಿ ಸುಮ್ಮನೆ ಓಡಿಸಿ ನೋಡಿದ್ದರು. ಭಾವ ಸ್ಟ್ರೈಕ್ ಎಂದ ಎಷ್ಟೋ ಚೆಂಡುಗಳನ್ನು ಅದು ಬಾಲ್ ಎಂದಿತ್ತು. ಟೈಲರನ ತಂಡವನ್ನು ಗೆಲ್ಲಿಸಿದ ಕೊನೆಯ ಚೆಂಡನ್ನೂ.

“ಅಂಪೈರಪ್ಪನಿಗೆ ಇರೋದು ಕಣ್ಣಲ್ಲ, ಗುಂಡಿ,” ಸೋತ ತಂಡದ ಪ್ಲಂಬರ್ ಕುಟುಕಿದ. “ಟೈಲರ್ ಭಾಮೈದ ಹೊಲಿದು ಕೊಟ್ಟಿರ್ಬೇಕು.”

“ಯಂತ್ರಕ್ಕೆ ಬೈದ್ರೆ ಏನ್ ಸುಖ?” ಎಂದ ಬೇಕರಿಯವನು. “ಬೈಸಿಕೊಳ್ಳೋಕೆ ಒಬ್ಬ ಮನುಷ್ಯ ಬೇಕಲ್ಲಪ್ಪ ಆಟಕ್ಕೆ!”

ಎಲ್ಲರೂ ನಕ್ಕರು. ಟೈಲರನೂ ದನಿಗೂಡಿಸಿದ: “ಯಂತ್ರ ಬೇಡ. ಆಟ ಮನುಷ್ಯರದ್ದು.” ಹಾಗೆನ್ನಲು ಅವನಿಗೆ ಸ್ವಂತದ್ದೊಂದು ಕಾರಣವಿತ್ತು. ಹಲಗೆಯ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವ ಕ್ಯಾಚರು ಅವನೇ. ಹೊರಗೆ ಬಂದ ಚೆಂಡನ್ನು ಹಿಡಿಯುವ ಗಳಿಗೆಯಲ್ಲೇ ಗ್ಲೋವನ್ನು ತುಸು ಒಳಕ್ಕೆ ಎಳೆದು, ಒಳಗೇ ಬಂದಿತ್ತೆಂಬಂತೆ ತೋರಿಸುವುದು ಅವನ ಕೈಚಳಕ. ನಿಯಮದ ಪ್ರಕಾರ ಅದು ತಪ್ಪಲ್ಲ. ಮಂಡಿ ಸವೆದರೂ ತಂಡ ಅವನನ್ನು ಇಟ್ಟುಕೊಂಡದ್ದು ಆ ಕೈಗಾಗಿಯೇ. ಯಂತ್ರವೋ ಗ್ಲೋವಿನ ಕಡೆ ತಿರುಗಿಯೂ ನೋಡದು.

ಭಾವ ಮೆಲ್ಲಗೆ ಎದ್ದ. “ಜಗಳ ಯಾಕೆ? ಯಂತ್ರ ಹೇಳಿದ್ದೇ ಸರಿ ಇರ್ಬೇಕು. ನಾಳೆಯಿಂದ ನನ್ನ ಸ್ಕೂಲ್ ಬಸ್ಸೂ ಬೇರೆಯವರು ಓಡಿಸ್ಲಿ. ಮಕ್ಕಳು ನನ್ನ ನಂಬಿ ಹತ್ತುತ್ವೆ. ದೇವರು ಕೊಟ್ಟ ಕಣ್ಣು, ಅವನೇ ವಾಪಸ್ ಕೇಳ್ತಿದಾನೆ.”

ಟೈಲರನಿಗೆ ಕುರ್ಚಿ ಮುಳ್ಳಾಯಿತು. ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕಿನ ಕಥೆ ಎಲ್ಲರಿಗೂ ಗೊತ್ತು. ಇವನು ಇನ್ನೊಬ್ಬರ ಕಣ್ಣು ಮುಚ್ಚಿಸಿ ಕುಡಿದಿದ್ದ. ಅಕ್ಕನ ಮನೆಯ ಅನ್ನ ಆ ಬಸ್ಸಿನದು.

“ಭಾವ, ಒಂದ್ನಿಮಿಷ ನನ್ನ ಹಿಂದೆ ನಿಂತ್ಕೊಳ್ಳಿ,” ಎಂದು ಅವನು ಗ್ಲೋವ್ ತೊಟ್ಟು ನೆಲದ ಮೇಲೆ ಕುಕ್ಕರಿಸಿದ. ಮಂಡಿ ಲಟಕ್ಕೆಂದಿತು. “ಪ್ಲಂಬರಣ್ಣ, ಆ ಮೇಜಿನ ಕಾಲೇ ಹಲಗೆಯ ಅಂಚು ಅಂದ್ಕೊ. ಅದರಿಂದ ಆಚೆಗೆ ಎಸಿ.”

ಚೆಂಡು ಬಂತು.

“ಸ್ಟ್ರೈಕ್,” ಎಂದ ಭಾವ.

“ಇನ್ನೊಂದ್ಸಲ. ಅದೇ ಜಾಗಕ್ಕೆ.”

ಈ ಸಲ ಟೈಲರನ ಮಣಿಕಟ್ಟು ಒಳಕ್ಕೆ ಅಲುಗಲಿಲ್ಲ.

“ಬಾಲ್.”

“ಅಯ್ಯೋ, ಎರಡನ್ನೂ ಒಂದೇ ಕಡೆ ಹಾಕ್ದೆನಲ್ಲ ನಾನು!” ಪ್ಲಂಬರ್ ಬಾಯಿ ಬಿಟ್ಟ.

“ಅದೂ ಆಟದ್ದೇ ಒಂದು ಪಟ್ಟು, ಬಿಡು,” ಎಂದ ಬೇಕರಿಯವನು.

“ಇರಬಹುದು. ಆದ್ರೂ ಯಂತ್ರ ಬರ್ಲಿ. ನನಗೆ ಒಪ್ಪಿಗೆ,” ಎಂದ ಟೈಲರ್. ಮುಂದಿನ ವರ್ಷ ತನಗೆ ತಂಡದಲ್ಲಿ ಜಾಗವಿಲ್ಲವೆಂದು ಅವನಿಗೆ ಗೊತ್ತಿತ್ತು. ಏಳದೆ, ತಿರುಗಿಯೂ ನೋಡದೆ, ಹಿಂದೆ ನಿಂತವನಿಗಷ್ಟೇ ಕೇಳುವಂತೆ ಹೇಳಿದ:

“ನಿಮ್ಮ ಕಣ್ಣು ಚೆನ್ನಾಗೇ ಇದೆ, ಭಾವ. ನಾಳೆ ಬಸ್ ತಗೊಂಡು ಹೋಗಿ.”