ಗಂಟಣ್ಣ ಬಿಗಿದ ಬ್ಯಾಂಡೇಜು

ಲಾರಿಗೆ ಸರಕು ಬಿಗಿಯುವುದರಲ್ಲಿ ಗಂಟಣ್ಣನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ, ಹುಟ್ಟುವ ಲಕ್ಷಣವೂ ಇಲ್ಲ. ಅವನು ಹಗ್ಗ ಎಳೆದು ಗಂಟು ಹಾಕಿದರೆ ಲಾರಿ ಮಗುಚಿದರೂ ಮೂಟೆ ಮಿಸುಕದು. ಭೂಮಿಗೇ ಹಗ್ಗ ಸುತ್ತಲು ಬಿಟ್ಟಿದ್ದರೆ ಅದೂ ತಿರುಗುವುದನ್ನು ಬಿಟ್ಟು ತೆಪ್ಪಗೆ ಕೂರುತ್ತಿತ್ತು. ಬಿಚ್ಚುವ ಕೆಲಸ ಮಾತ್ರ ಅವನದಲ್ಲ. ಅದು ಸರಕು ಇಳಿಸುವವರ ಹಣೆಬರಹ.

ಅವನ ಮಗಳಿಗೆ ಬಲಗೈಯ ಎರಡು ಬೆರಳು ಹುಟ್ಟಿನಿಂದಲೇ ಅಂಟಿಕೊಂಡಿದ್ದವು. ಆಸ್ಪತ್ರೆಯಲ್ಲಿ ಬಿಡಿಸಿ, ತೊಡೆಯ ಚರ್ಮ ತಂದು ನಡುವೆ ಹೊಲಿದು, ತುದಿಗಳಷ್ಟೇ ಕಾಣುವಂತೆ ಬ್ಯಾಂಡೇಜು ಸುತ್ತಿ ಮನೆಗೆ ಕಳಿಸಿದ್ದರು. ಕೈ ದಿಂಬಿನ ಮೇಲಿರಲಿ, ಬ್ಯಾಂಡೇಜು ಸಡಿಲಾದರೆ ನೀವು ಮುಟ್ಟಬೇಡಿ, ಕರೆತನ್ನಿ ಎಂದಿದ್ದರು.

ಮರುದಿನ ಬೆಳಿಗ್ಗೆ ಹೆಂಡತಿ ಕೆಲಸಕ್ಕೆ ಹೋದ ಮೇಲೆ ಪುಟ್ಟಿ ಹೊರಳಾಡಿ ಬ್ಯಾಂಡೇಜಿನ ತುದಿ ಜೋತುಬಿತ್ತು. ಸಡಿಲು ಕಂಡರೆ ಗಂಟಣ್ಣನಿಗೆ ಮೈಯೆಲ್ಲ ಮುಳ್ಳು.

"ಇದೂ ಒಂದು ಕಟ್ಟೋದಾ? ಸೊಪ್ಪಿನ ಕಂತೆನಾದ್ರೂ ಇದಕ್ಕಿಂತ ಚೆನ್ನಾಗಿ ಕಟ್ತಾರೆ!" ಎಂದು ಕುಳಿತು, ಎಳೆದು ಸುತ್ತಿ, ತನ್ನ ಹೆಸರಿನ ಗಂಟು ಬಿಗಿದ.

"ಅಪ್ಪಾ, ಬಿಗಿ ಆಯ್ತು."

"ಬಿಗಿ ಇದ್ರೇನೇ ಭದ್ರ ಕಣವ್ವಾ."

"ಜುಂ ಅಂತಿದೆ."

"ಗಾಯ ಮಾಯ್ತಿದೆ ಅಂತ ಅರ್ಥ. ಮಲಗು ನನ್ನ ರಾಣಿ."

ಅವಳು ಕಣ್ಣು ಮುಚ್ಚಿಕೊಂಡಳು. ಅಪ್ಪನ ಗಂಟಿನ ಮೇಲೆ ಊರಿಗೆಲ್ಲ ಇದ್ದ ನಂಬಿಕೆ ಅವಳಿಗೂ ಇತ್ತು.

ಮಧ್ಯಾಹ್ನ ಹಾಲು ತಂದ ಅಜ್ಜಿ ಲೋಟವನ್ನು ನೆಲಕ್ಕೇ ಕುಕ್ಕಿದಳು. "ಅಯ್ಯೋ, ಮಗು ಉಗುರು ನೀಲಿ ಆಗಿದೆ ಕಣೋ! ಬಿಚ್ಚು ಮೊದಲು!"

ಮುಟ್ಟಿದರೆ ಬೆರಳು ತಣ್ಣಗೆ. ಲಾರಿಗಳನ್ನೇ ಪಳಗಿಸಿದ ಕೈ ಆ ಪುಟ್ಟ ಗಂಟಿನ ಮೇಲೆ ತಡಕಾಡಿತು. "ಬರ್ತಿಲ್ಲಮ್ಮಾ... ಬಿಚ್ಚೋಕೇ ಬರ್ತಿಲ್ಲ..."

ಅಜ್ಜಿ ಅವನ ಕೈಗೆ ಕತ್ತರಿ ತುರುಕಿದಳು. ಗಂಟು ಕತ್ತರಿಸಿ, ಸುತ್ತು ಸಡಿಲಿಸಿ, ಉಗುರು ಒತ್ತಿ ನೋಡಿದ. ಒಂದಕ್ಕೆ ಮೆಲ್ಲಗೆ ಕೆಂಪು ಮರಳಿತು. ಇನ್ನೊಂದು ಹಾಗೇ ಇತ್ತು. ಅವನು ಮಗಳನ್ನು ಎತ್ತಿಕೊಂಡು ಓಡಿದ. ಗಾಳಿಯೇ ಬದಿಗೆ ಸರಿದು ದಾರಿ ಬಿಟ್ಟಿತು ಅನ್ನಬಹುದಿತ್ತು. ಆದರೆ ಬಿಡಲಿಲ್ಲ, ದಾರಿ ಮುಗಿಯಲೇ ಇಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಬ್ಯಾಂಡೇಜು ಪೂರ್ತಿ ತೆಗೆದು ಬೆರಳು ನೋಡುತ್ತ ಕುಳಿತರು. ಬೈಯಲೂ ಇಲ್ಲ. ಬೈದಿದ್ದರೆ ಅವನಿಗೆ ಉಸಿರಾಡಲಾದರೂ ಆಗುತ್ತಿತ್ತು.

"ಬಣ್ಣ ಬರ್ತಿದೆ. ಬೆರಳು ಉಳೀತು," ಎಂದರು ಕೊನೆಗೆ. "ಹೊಲಿದ ಚರ್ಮ ಹಿಡಿಯುತ್ತೋ ಇಲ್ವೋ, ಈಗ್ಲೇ ಹೇಳೋಕಾಗಲ್ಲ."

ನರ್ಸಮ್ಮ ಹೊಸ ಬಟ್ಟೆಯನ್ನು ಹಗುರವಾಗಿ ಸುತ್ತಿದರು.

"ಜಾರಿದ್ರೆ, ಅಕ್ಕಾ?" ಎಂದು ಗಂಟಣ್ಣ ಪಿಸುಗುಟ್ಟಿದ.

"ಜಾರಲಿ. ಕರ್ಕೊಂಡು ಬನ್ನಿ, ನಾವು ಸುತ್ತಿ ಕೊಡ್ತೀವಿ."

ಎರಡೂ ಕೈಯನ್ನು ಬೆನ್ನ ಹಿಂದೆ ಹಿಡಿದುಕೊಂಡು ಅವನು ತಲೆಯಾಡಿಸಿದ.